ಗೂಡಂಗಡಿಯ ಗುಡ್ರುನ್ ಮತ್ತು ಕೆಳಗೆ ಉಳಿದ ವಿಲ್ಲಿ

ಗುಡ್ರುನ್ ಪಾವ್ಲಿಟ್ಸ್ಕಿಯ ಎದುರು "ಹೋಗಲಿ ಬಿಡು" ಅನ್ನುವ ಮಾತನ್ನು ಆಡಬಾರದು. ಆಡಿದಿರೋ, ಅವತ್ತು ನಿಮಗೆ ಬ್ರೆಡ್ಡು ಸಿಗುತ್ತದೆ, ಪೇಪರು ಸಿಗುತ್ತದೆ, ಜೊತೆಗೆ ಬೈಗುಳವೂ ಧಾರಾಳವಾಗಿ ಸಿಗುತ್ತದೆ. ವಾನೆ-ಐಕೆಲ್ ಎಂಬ ಕಲ್ಲಿದ್ದಲು ಗಣಿಯ ಊರಿನ ನಮ್ಮ ಬೀದಿಯ ಮೂಲೆಯಲ್ಲಿ ಅವಳ ಗೂಡಂಗಡಿ. ಬೆಳಿಗ್ಗೆ ಆರಕ್ಕೆ ಕಿಟಕಿ ತೆರೆದರೆ ಮುಚ್ಚುವುದು ಸಂಜೆ ಆರಕ್ಕೆ. ಸಿಗರೇಟು, ಬಿಯರು, ಬಿಸಿ ಕಾಫಿ, ಮಾಂಸದ ವಡೆ ಇಟ್ಟ ಬನ್ನು, ಮಕ್ಕಳು ಗಾಜಿನ ಮೇಲೆ ಬೆರಳಿಟ್ಟು "ಅದೊಂದು, ಇದೆರಡು" ಎಂದು ಆರಿಸಿಕೊಳ್ಳುವ ಮಿಠಾಯಿ ಪೊಟ್ಟಣ. ಇವೆಲ್ಲದರ ಹಿಂದೆ, ಸಿಗರೇಟು ಕಪಾಟಿನ ಕೆಳಗೆ, ಹಳೆಯದೊಂದು ಕಂಪ್ಯೂಟರು. ಗಿರಾಕಿ ಇಲ್ಲದಾಗ ಗುಡ್ರುನ್ ಅದಕ್ಕೆ ಮೂಗು ತಾಗುವಷ್ಟು ಹತ್ತಿರ ಕೂತು ಚುಕ್ಕಿ ಇಡುತ್ತಿದ್ದಳು.

ಅವಳು ಮಾಡುತ್ತಿದ್ದದ್ದು ಒಂದು ಆಟ. ಇಂದಿನ ಹುಡುಗರು ಆಡುವಂಥ ಗುಂಡು ಹಾರಿಸುವ ಆಟವಲ್ಲ. ಹಳೇ ಕಾಲದ ಸಾಹಸದ ಆಟ: ತೆರೆಯ ಮೇಲೆ ಒಂದು ಕೋಣೆ, ಕೋಣೆಯಲ್ಲಿ ಒಬ್ಬ ಮನುಷ್ಯ, ಕೆಳಗೆ ನಾಲ್ಕು ಮಾತು. ನೋಡು, ತಗೋ, ಬಳಸು, ಕೊಡು. ಹಗ್ಗವನ್ನು ಕೊಕ್ಕೆಗೆ ಬಳಸಿದರೆ ಒಂದು ದಾರಿ ತೆರೆಯುತ್ತದೆ, ಬ್ರೆಡ್ಡನ್ನು ಇಲಿಗೆ ಕೊಟ್ಟರೆ ಇನ್ನೊಂದು. ಇಡೀ ಚಿತ್ರ ಮುನ್ನೂರಿಪ್ಪತ್ತು ಚುಕ್ಕಿ ಅಗಲ, ಇನ್ನೂರು ಚುಕ್ಕಿ ಎತ್ತರ, ಬಣ್ಣ ಹದಿನಾರೇ. ಕಸೂತಿ ಹಾಕಿದ ಹಾಗೆ ಒಂದೊಂದೇ ಚುಕ್ಕಿ ಎಣಿಸಿ ಇಡಬೇಕು. ಮನುಷ್ಯ ನಾಲ್ಕು ಹೆಜ್ಜೆ ನಡೆಯಲು ಮೂವತ್ತೆರಡು ಚಿತ್ರ ಬೇಕು. ಆಡುವವನು ಚಮಚವನ್ನು ಗೋಡೆಗೆ ಬಳಸಿ ನೋಡಿದರೂ ಆಟ ಸುಮ್ಮನಿರಬಾರದು, ಏನಾದರೊಂದು ಉತ್ತರ ಹೇಳಬೇಕು. ಅಂಥ ಎರಡು ಸಾವಿರ ಉತ್ತರಗಳನ್ನು ಗುಡ್ರುನ್ ಒಬ್ಬಳೇ ಬರೆದಿದ್ದಳು. ಎಲ್ಲ ಅವಳ ನಾಲಿಗೆಯವೇ. "ಗೋಡೆಗೆ ಚಮಚ ಯಾಕಪ್ಪಾ? ಗೋಡೆ ಸೂಪು ಕುಡಿಯುತ್ತಾ?" ಎಂಬ ಧಾಟಿಯವು.

ಈ ಹುಚ್ಚು ಹಿಡಿದದ್ದು ಎಂಬತ್ತೊಂಬತ್ತರ ಚಳಿಗಾಲದಲ್ಲಿ. 'ಏಳನೇ ಶಾಫ್ಟು', ಅಂದರೆ ಗಣಿಗೆ ಇಳಿಯುವ ಏಳನೇ ಬಾವಿ, ಎಂಬ ಆಟ ಆ ವರ್ಷ ಹೊರಬಂದಿತ್ತು. ವಿಲ್ಲಿ ಎಂಬ ಕಲ್ಲಿದ್ದಲು ಗಣಿಯ ಆಳು, ಕಳೆದುಹೋದ ಗೆಳೆಯನನ್ನು ಹುಡುಕಿಕೊಂಡು ಮುಚ್ಚಿದ ಗಣಿಗೆ ಇಳಿಯುತ್ತಾನೆ. ಗೆಳೆಯನನ್ನು ಹುಡುಕಿ ಮೇಲೆ ಕಳಿಸುತ್ತಾನೆ. ತಾನೂ ಹತ್ತಬೇಕು ಅನ್ನುವಾಗ, ಆಳುಗಳನ್ನು ಏರಿಸಿ ಇಳಿಸುವ ಕೇಜಿನ ಹಗ್ಗ ಕಡಿಯುತ್ತದೆ. ಕೇಜು ಕೆಳಗೆ ಜಾರುತ್ತದೆ, ತೆರೆ ಕಪ್ಪಾಗುತ್ತದೆ, 'ಮುಂದುವರಿಯುವುದು' ಎಂಬ ಅಕ್ಷರ ಮೂಡುತ್ತದೆ. ಅಷ್ಟೇ. ಮುಂದುವರಿಯಲೇ ಇಲ್ಲ. ಆಟ ಮಾಡಿದ ಸಣ್ಣ ಕಂಪನಿ ಬಾಗಿಲು ಹಾಕಿತು. ಗುಡ್ರುನ್ ಒಂದು ವರ್ಷ ಕಾದಳು, ಐದು ವರ್ಷ ಕಾದಳು, ಹತ್ತು ವರ್ಷ ಕಾದಳು. ಕೊನೆಗೆ, ಆಟ ಮಾಡುವ ಸಲಕರಣೆಯೊಂದು ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತದೆ ಎಂದು ಗೊತ್ತಾದ ದಿನ, "ಯಾರೂ ಇಳಿಯದಿದ್ದರೆ ನಾನೇ ಇಳಿಯುತ್ತೇನೆ" ಎಂದು ಶುರು ಮಾಡಿದಳು. ಆಗ ಅವಳಿಗೆ ಕಂಪ್ಯೂಟರಿನಲ್ಲಿ ಗೊತ್ತಿದ್ದದ್ದು ಆನ್ ಮಾಡುವುದು, ಆಟ ಆಡುವುದು, ಆಫ್ ಮಾಡುವುದು.

ಅದಾಗಿ ಹನ್ನೊಂದು ವರ್ಷ. ಎದುರುಮನೆಯ ಕಾರಿನ್ ಡುಡೆಕ್ ದಿನಾ ಬೆಳಿಗ್ಗೆ ನಾಲ್ಕು ಬನ್ನು ಕೊಳ್ಳಲು ಬಂದವಳು ಕಿಟಕಿಗೆ ಮೊಣಕೈ ಊರದೆ ಹೋದವಳಲ್ಲ.

"ಏನೇ ಗುಡ್ರುನ್, ನಿನ್ ವಿಲ್ಲಿ ಇನ್ನೂ ಕೆಳಗೇ ಇದಾನಾ?"

"ಇದಾನೆ."

"ಹನ್ನೊಂದ್ ವರ್ಷ ಆಯ್ತಲ್ಲೇ! ಅಷ್ಟರಲ್ಲಿ ನನ್ ಮಗಳಿಗೆ ಮದುವೆ ಆಯ್ತು, ಡೈವೋರ್ಸ್ ಆಯ್ತು, ಇನ್ನೊಂದ್ ಮದುವೇನೂ ಆಯ್ತು."

"ನಿನ್ ಅಳಿಯಂದ್ರು ಬೇಗ ಕೆಡೋ ಮಾಲು ಕಣೇ. ನನ್ ವಿಲ್ಲಿ ಹಾಗಲ್ಲ. ಬನ್ನು ತಗೊಂಡ್ ನಡಿ."

ಗಂಡ ಯುಪ್‌ನದು ಇನ್ನೊಂದು ಬಗೆಯ ಕಾಟ. ಅವನು ಇಪ್ಪತ್ತೊಂಬತ್ತು ವರ್ಷ ಗಣಿಯಲ್ಲಿ ದುಡಿದು, ಕೆಮ್ಮು ಮತ್ತು ಪಿಂಚಣಿ ಎರಡನ್ನೂ ಹೊತ್ತು ಮನೆಗೆ ಬಂದವನು. ಕಂಪ್ಯೂಟರು ಕಂಡರೆ ಆಗದು. ಆದರೆ ಮಧ್ಯಾಹ್ನ ಊಟದ ಡಬ್ಬಿ ತಂದುಕೊಟ್ಟು, ಹೆಂಡತಿಯ ಹೆಗಲ ಮೇಲಿಂದ ಬಗ್ಗಿ ನೋಡದೆ ಹೋಗುತ್ತಲೂ ಇರಲಿಲ್ಲ.

"ಯಾವ ಕತ್ತೆ ಬರ್ದಿದ್ದು ಇದನ್ನ? ದೀಪಾನ ಅಲ್ಲಿ ಯಾರಾದ್ರೂ ನೇತುಹಾಕ್ತಾರಾ? ತಲೆಗೆ ಬಡಿಯುತ್ತೆ."

"ನಾನೇ ಕಣೋ ಆ ಕತ್ತೆ."

"ಸರಿ, ಒಂದ್ ಗೇಣು ಎಡಕ್ಕೆ ಹಾಕು. ಈ ಮರದ ಕಂಬ ಏನು, ಹಲ್ಲುಕಡ್ಡೀನಾ? ಇದರ ಮೇಲೆ ಚಾವಣಿ ನಿಲ್ಲುತ್ತಾ?"

ಅವಳು ಬೈಯುತ್ತಲೇ ಅಳಿಸಿ, ಬೈಯುತ್ತಲೇ ಮತ್ತೆ ಬರೆಯುತ್ತಿದ್ದಳು. ಹನ್ನೊಂದು ವರ್ಷವಾದರೂ ಮುಗಿಯದಿದ್ದುದು ಅದಕ್ಕೇ, ಮತ್ತೇಕೆ?

ಇಂಥ ಹುಚ್ಚಿನವರದೇ ಒಂದು ಫೋರಮ್ ಇತ್ತು, ಇಂಟರ್ನೆಟ್ಟಿನಲ್ಲಿ. ದೇಶದ ಮೂಲೆಮೂಲೆಯಿಂದ ಮುನ್ನೂರು ಜನ. ಹಗಲು ಕಚೇರಿ, ಕಾರ್ಖಾನೆ, ಬಿಡುವಿನಲ್ಲಿ ಹಳೇ ಆಟಗಳ ಮುಂದಿನ ಕಥೆ ಕಟ್ಟುವವರು. ಕಟ್ಟಿ ಮುಗಿಸಿದವರು ಕೈಬೆರಳೆಣಿಕೆ. ಎರಡು ಕೋಣೆಯ ಚಿತ್ರ ಹಾಕಿ, ಹೊಗಳಿಸಿಕೊಂಡು, ಮಾಯವಾಗುವವರೇ ಹೆಚ್ಚು. ಅದಕ್ಕೇ ಅಲ್ಲೊಂದು ಕಟ್ಟಳೆ: ವರ್ಷವಿಡೀ ಸುದ್ದಿಯಿಲ್ಲದ ಆಟವನ್ನು 'ಸ್ಮಶಾನ' ಎಂಬ ವಿಭಾಗಕ್ಕೆ ಸಾಗಿಸುವುದು. ಎಲ್ಲರೂ ಬಂದು ಒಂದೊಂದು ಮೇಣದಬತ್ತಿಯ ಚಿತ್ರ ಅಂಟಿಸಿ, ಎರಡು ಸಾಲು ಸಂತಾಪ ಬರೆಯುವುದು. ಗುಡ್ರುನ್ ಒಂದು ವರ್ಷವೂ ತಪ್ಪದೆ ಹೊಸ ಕೋಣೆ ತೋರಿಸಿದ್ದಳು. ಫೋರಮ್ ನಡೆಸುತ್ತಿದ್ದ ತೀಲೊ ಮಾರ್ಕ್‌ವಾರ್ಟ್ ಎಂಬ ಸಂಗೀತದ ಮೇಷ್ಟರು ಅವಳ ಆಟಕ್ಕೆ ಹದಿನಾಲ್ಕು ತುಣುಕು ಸಂಗೀತವನ್ನೂ ಮಾಡಿಕೊಟ್ಟಿದ್ದ. ಒಳ್ಳೆಯ ಸಂಗೀತ, ಸುಳ್ಳು ಹೇಳಬಾರದು.

ಎರಡು ಸಾವಿರದ ಹತ್ತರ ಬೇಸಿಗೆಯಲ್ಲಿ ಕಾಸೆಲ್ ಊರಿನ ಯುವಕರ ತಂಗುಮನೆಯಲ್ಲಿ ಫೋರಮ್ಮಿನವರ ವಾರ್ಷಿಕ ಕೂಟ. ಮಧ್ಯಾಹ್ನ ಮೂರಕ್ಕೆ ಗುಡ್ರುನ್ ತನ್ನ ಆಟದ ಮೊದಲ ಅರ್ಧ ತೋರಿಸುವುದೆಂದು ನಿಗದಿಯಾಗಿತ್ತು. ಅದಕ್ಕೂ ಮೊದಲು ಒಬ್ಬ ಅತಿಥಿಯ ಮಾತು. ಅತಿಥಿ ಯಾರು? ಎಕಾರ್ಟ್ ನೊಲ್ಟಿಂಗ್. 'ಏಳನೇ ಶಾಫ್ಟು' ಬರೆದವನು! ಗುಡ್ರುನ್ ಹಬ್ಬದ ಕೋಟು ಹಾಕಿಕೊಂಡು ಮೊದಲ ಸಾಲಿನಲ್ಲೇ ಕೂತಳು.

ನೊಲ್ಟಿಂಗ್ ಉದ್ದನೆಯ, ಬಿಳಿಗಡ್ಡದ, ಸುಸ್ತಾದ ಮನುಷ್ಯ. ಈಗ ಯಾವುದೋ ಲೈಬ್ರರಿಯಲ್ಲಿ ಕೆಲಸ. ಯಾರೋ ಕೇಳಿದರು, "ಸಾರ್, ಹಗ್ಗ ಕಡಿದ ಮೇಲೆ ವಿಲ್ಲಿಗೆ ಏನಾಯ್ತು?"

"ಏನಾಗುತ್ತೆ? ಸತ್ತ," ಎಂದ ನೊಲ್ಟಿಂಗ್. "'ಮುಂದುವರಿಯುವುದು' ಅಂತ ಸೇರಿಸಿದ್ದು ಮಾರಾಟದವರು. ನಾನಲ್ಲ. ನನ್ನ ಮಟ್ಟಿಗೆ ಕಥೆ ಅಲ್ಲಿಗೇ ಮುಗೀತು. ಅದರ ಮುಂದಿನದನ್ನ ಯಾರೋ ಮಾಡ್ತಿದಾರೆ ಅಂತ ಕೇಳ್ದೆ. ಬೇಡಿ. ಇಪ್ಪತ್ತೊಂದು ವರ್ಷ ಆಯ್ತು. ಹೋಗ್ಲಿ ಬಿಡಿ, ಆ ಬಡಪಾಯಿ ಅಲ್ಲೇ ಮಲಗಿರ್ಲಿ."

ಸಭೆ ಚಪ್ಪಾಳೆ ತಟ್ಟಿತು. ಎಂಥ ಗಂಭೀರ ಮಾತು ನೋಡಿ! ಚಪ್ಪಾಳೆ ನಿಂತಾಗ ಗುಡ್ರುನ್ ನಿಂತಿದ್ದಳು.

"ಹೆಣ ಎಲ್ಲಿದೆ ರೀ?"

"ಏನಂದ್ರಿ?"

"ಹೆಣ. ವಿಲ್ಲಿಯ ಹೆಣ. ಆಟದಲ್ಲಿ ಎಲ್ಲಾದ್ರೂ ತೋರ್ಸಿದೀರಾ?"

"ಇಲ್ಲ. ತೆರೆ ಕಪ್ಪಾಗುತ್ತಲ್ಲ, ಅದರಲ್ಲೇ ಅರ್ಥ..."

"ಅವನ ಬಿಲ್ಲೆ ಎಲ್ಲಿ?"

ನೊಲ್ಟಿಂಗ್ ತೀಲೊನ ಮುಖ ನೋಡಿದ, ತೀಲೊ ನೊಲ್ಟಿಂಗನ ಮುಖ ನೋಡಿದ. ಇಬ್ಬರಿಗೂ ಗೊತ್ತಿರಲಿಲ್ಲ. ಆಟ ಬರೆದಾತ ಒಮ್ಮೆಯೂ ಗಣಿಗೆ ಇಳಿದವನಲ್ಲ, ಪುಸ್ತಕ ಓದಿ ಬರೆದವನು. ಗುಡ್ರುನ್ ಇಡೀ ಸಭೆಗೆ ಕೇಳುವ ಹಾಗೆ ಹೇಳಿದಳು, "ಗಣಿಗೆ ಇಳಿಯೋ ಪ್ರತಿಯೊಬ್ಬನಿಗೂ ಒಂದು ನಂಬರಿನ ಹಿತ್ತಾಳೆ ಬಿಲ್ಲೆ ಇರುತ್ತೆ. ಮೇಲೆ ಬಂದ ಕೂಡ್ಲೆ ಅದನ್ನ ಹಲಗೆಗೆ ನೇತುಹಾಕ್ಬೇಕು. ಒಂದ್ ಮೊಳೆ ಖಾಲಿ ಇದ್ರೆ ಒಬ್ಬ ಇನ್ನೂ ಕೆಳಗಿದಾನೆ ಅಂತ. ಅದು ತುಂಬೋವರೆಗೂ ಮೇಲಿನೋರು ಅಗೀತಾರೆ. ಬದುಕಿದ್ರೆ ಬದುಕಿದೋನನ್ನ ತರ್ತಾರೆ, ಸತ್ತಿದ್ರೆ ಸತ್ತೋನನ್ನ ತರ್ತಾರೆ. ತರೋದಂತೂ ಖಂಡಿತ. 'ಅಲ್ಲೇ ಮಲಗಿರ್ಲಿ' ಅಂತ ನಮ್ಮ ಕಡೆ ಯಾರೂ ಅನ್ನಲ್ಲ ರೀ. ಅಂದೋರ ಮುಖ ಯಾರೂ ನೋಡಲ್ಲ."

"ಮೇಡಂ, ಇದು ಆಟ. ವಿಲ್ಲಿ ಅನ್ನೋನು ಹದಿನಾರು ಬಣ್ಣದ ಒಂದಿಷ್ಟು ಚುಕ್ಕಿ."

"ಆ ಚುಕ್ಕಿ ಇಟ್ಟೋರು ನೀವೇ ತಾನೇ? ನಿಮ್ಮನ್ನ ನಂಬಿ ಇಳಿದ. ಹಗ್ಗ ಕಡಿದ್ರಿ, ದೀಪ ಆರಿಸಿದ್ರಿ, ಕೈ ತೊಳ್ಕೊಂಡ್ರಿ. ನಿಮಗೆ ಬೇಡ ಅಂದ್ರೆ ಬಿಡಿ. ನಾನು ತರ್ತೀನಿ ಅವನನ್ನ."

"ನೀವು ತಂದೋನು ವಿಲ್ಲಿ ಆಗಿರಲ್ಲ."

"ಅದನ್ನ ಅವನು ಮೇಲೆ ಬಂದ್ಮೇಲೆ ನೋಡೋಣ," ಎಂದು ಗುಡ್ರುನ್ ಚೀಲ ಎತ್ತಿಕೊಂಡು ಹೊರಗೆ ನಡೆದಳು. ಮೂರು ಗಂಟೆಗೆ ಅವಳ ಆಟ ನೋಡಲು ಯಾರೂ ಬರಲಿಲ್ಲ. ಅವಳೂ ಇರಲಿಲ್ಲ, ರೈಲಿನಲ್ಲಿದ್ದಳು.

ಸಭೆಯಲ್ಲಿ ಅವಳು ಒಂದು ಮಾತು ಹೇಳಿರಲಿಲ್ಲ. ಎಂಬತ್ತೊಂದರಲ್ಲಿ, ಮದುವೆಯಾಗಿ ವರ್ಷವೂ ತುಂಬದಾಗ, ಯುಪ್ ಕೆಲಸ ಮಾಡುತ್ತಿದ್ದ ಕಡೆ ಚಾವಣಿ ಕುಸಿದಿತ್ತು. ಇಪ್ಪತ್ತನಾಲ್ಕರ ಹುಡುಗಿ ಗುಡ್ರುನ್ ಗಣಿಯ ಗೇಟಿನ ಎದುರು ಇಪ್ಪತ್ತೊಂಬತ್ತು ಗಂಟೆ ನಿಂತಿದ್ದಳು. ಟೈ ಕಟ್ಟಿದವನೊಬ್ಬ ಹೊರಗೆ ಬಂದು, "ಮನೆಗೆ ಹೋಗಮ್ಮ, ಆಸೆ ಇಟ್ಕೋಬೇಡ" ಎಂದಿದ್ದ. ಅವನ ಹಿಂದೆಯೇ ಬಂದ ಮಸಿ ಮುಖದ ಮುದುಕನೊಬ್ಬ, "ಅವನ ಮಾತು ಕೇಳ್ಬೇಡ ತಾಯಿ, ಹಲಗೇಲಿ ಮೊಳೆ ಖಾಲಿ ಇದೆ, ನಾವು ಅಗೀತಿದೀವಿ" ಎಂದಿದ್ದ. ಅಗೆದರು, ತಂದರು, ಬದುಕಿಸಿಯೇ ತಂದರು. ಅಂದಿನಿಂದ ಗುಡ್ರುನ್‌ಗೆ ಲೋಕದಲ್ಲಿ ಎರಡೇ ಜಾತಿಯ ಜನ, ಟೈಯವನ ಕಡೆಯವರು ಮತ್ತು ಮುದುಕನ ಕಡೆಯವರು. ನೊಲ್ಟಿಂಗ್ ಯಾವ ಕಡೆ ಎಂದು ಅವತ್ತು ಅವಳಿಗೆ ಗೊತ್ತಾಯಿತು. ಅವನ ಮೇಲೆ ಅಷ್ಟು ಪ್ರೀತಿ ಇಟ್ಟಿದ್ದಕ್ಕೇ ಅಷ್ಟು ಹೊಟ್ಟೆ ಉರಿಯಿತು, ರೈಲಿನಲ್ಲಿ ಅತ್ತಳು ಕೂಡ.

"ನನ್ ವಿಷಯ ಹೇಳ್ದೆಯಾ ಅಲ್ಲಿ?" ಎಂದು ಅವಳು ಮನೆಗೆ ಬಂದಾಗ ಯುಪ್ ಕೇಳಿದ.

"ಇಲ್ಲ."

"ಒಳ್ಳೇದು. ಅಯ್ಯೋ ಪಾಪ ಅನ್ನಿಸ್ಕೊಂಡು ಗೆಲ್ಲೋದು ಬೇಡ."

ಮಾರನೆಯ ವಾರ ತೀಲೊನ ಪತ್ರ ಬಂತು, ನಯವಾಗಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಮೂಲ ಲೇಖಕರೇ ವಿಲ್ಲಿ ಸತ್ತ ಎಂದ ಮೇಲೆ ಅವನನ್ನು ಬದುಕಿಸುವ ಆಟಕ್ಕೆ ಅಭಿಮಾನಿಗಳ ಫೋರಮ್ಮಿನಲ್ಲಿ ಜಾಗವಿಲ್ಲವಂತೆ. ಅವರಿಗೆ ಅವಮಾನವಾದ ಕಾರಣ ತನ್ನ ಸಂಗೀತವನ್ನೂ ವಾಪಸು ಪಡೆಯುತ್ತಿದ್ದಾನಂತೆ. 'ಬೇಸರಿಸಬೇಡಿ' ಅಂತೆ. ಅದೇ ದಿನ ಅವಳ ಆಟವನ್ನು ಸ್ಮಶಾನಕ್ಕೆ ಸಾಗಿಸಿದರು. ನಲವತ್ತೊಂದು ಜನ ಮೇಣದಬತ್ತಿ ಹಚ್ಚಿದರು. ಹನ್ನೊಂದು ವರ್ಷದಿಂದ "ಯಾವಾಗ ಬರುತ್ತೆ ಗುಡ್ರುನ್, ಬೇಗ ಮುಗಿಸಿ" ಎಂದು ಗೋಗರೆಯುತ್ತಿದ್ದವರೇ ಎಳ್ಳುನೀರು ಬಿಟ್ಟರು.

ಗುಡ್ರುನ್ ಸಂತಾಪಗಳನ್ನೆಲ್ಲ ಓದಿ, ಕೆಳಗೆ ಒಂದೇ ಸಾಲು ಬರೆದಳು: "ಹೆಣ ಇಲ್ಲದೆ ತಿಥಿ ಮಾಡ್ತಿರೋ ಮಹನೀಯರೇ, ಊಟ ನಿಮ್ಮ ಮನೆಯಲ್ಲೇ ಮಾಡಿ." ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಆಮೇಲಿನ ಎರಡು ವರ್ಷ ಅವಳು ಕೆಲಸ ಮಾಡಿದ್ದನ್ನು ಕಂಡವರು ನಾವೇ. ಬನ್ನಿನ ವ್ಯಾನು ಬಂದು ಹೋಗುವುದಕ್ಕೂ ಶಾಲೆಯ ಗಂಟೆಗೂ ನಡುವೆ ಒಂಬತ್ತನೇ ಹಂತದ ಸುರಂಗ ಬರೆದಳು. ಮಿಠಾಯಿ ಎಣಿಸುವಾಗ ಮಧ್ಯೆ ಕೈಬಿಟ್ಟು, "ತಡಿ ಮಗಾ" ಎಂದು ಎರಡು ಚುಕ್ಕಿ ಸರಿಪಡಿಸಿ ಬಂದಳು. ಸಂಗೀತ ಹೋಯಿತಲ್ಲ, ಅದರ ಜಾಗಕ್ಕೆ ಏನು? ಯುಪ್‌ನನ್ನು ಬಿಯರು ಪೆಟ್ಟಿಗೆಯ ಮೇಲೆ ಕೂರಿಸಿ ಕೈಗೆ ಮೈಕು ಕೊಟ್ಟಳು.

"ಕೆಳಗೆ ಏನ್ ಕೇಳ್ಸುತ್ತೆ ಹೇಳು. ಬಾಯಲ್ಲೇ ಮಾಡು."

"ನಂಗೇನ್ ಹುಚ್ಚಾ? ಜನ ನೋಡ್ತಿದಾರೆ."

"ಜನ ಬಿಯರ್‌ಗೆ ಬಂದಿದಾರೆ, ನಿನ್ ಚಂದ ನೋಡೋಕಲ್ಲ. ಮಾಡು."

ಮಾಡಿದ. ನೀರು ತೊಟ್ಟಿಕ್ಕುವುದು, ಮರದ ಕಂಬ ನರಳುವುದು, ತಗಡಿನ ಬಕೆಟ್ಟು ಬಡಿದು ಕೇಜಿನ ಗಂಟೆ. ಒಂದು ಹೊಡೆತಕ್ಕೆ ನಿಲ್ಲು, ಎರಡಕ್ಕೆ ಮೇಲೆ, ಮೂರಕ್ಕೆ ಕೆಳಗೆ. ಬಿಯರು ಕುಡಿಯಲು ಬಂದ ಹಳೇ ಗಣಿಯಾಳುಗಳು ಸುಮ್ಮನಿರುತ್ತಾರಾ? "ಹಾಗಲ್ಲ ಯುಪ್, ಪಂಪಿನ ಸದ್ದು ಹೀಗೆ" ಎಂದು ಒಬ್ಬೊಬ್ಬರೂ ಬಾಯಿ ಹಾಕಿದರು. ತೀಲೊನ ಹದಿನಾಲ್ಕು ತುಣುಕು ಒಂದು ತೂಕವಾದರೆ ಈ ಮುದುಕರ ಗೊರಗೊರ ಇನ್ನೊಂದು ತೂಕ. ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು.

ಎರಡು ಸಾವಿರದ ಹನ್ನೆರಡರ ಮಾರ್ಚಿನಲ್ಲಿ ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಗೆ, ಗುಡ್ರುನ್ ಆಟವನ್ನು ಇಂಟರ್ನೆಟ್ಟಿಗೆ ಬಿಟ್ಟಳು. ಬಿಟ್ಟಿ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಜೊತೆಗಿದ್ದ ಚೀಟಿಯಲ್ಲಿ ಬರೆದಳು: 'ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಅಂಗಡಿಗೆ ಫೋನ್ ಮಾಡಿ. ಆರರಿಂದ ಆರು. ಬನ್ನು ಬರುವ ಹೊತ್ತಿಗೆ ಮಾಡಬೇಡಿ.' ಮೊದಲ ದಿನವೇ ಅರವತ್ತು ಜನ ಇಳಿಸಿಕೊಂಡರು. ಎರಡನೇ ದಿನ ನೂರು. ಫೋರಮ್ಮಿನಲ್ಲಿ 'ಸ್ಮಶಾನದಿಂದ ಎದ್ದು ಬಂತು' ಎಂದು ಕುಹಕವೂ ನಡೆಯಿತು. ಆದರೆ ವಿಲ್ಲಿಯನ್ನು ಮೇಲೆ ತಂದೆ ಎಂದು ಒಬ್ಬನೂ ಬರೆಯಲಿಲ್ಲ. ಮೂರು ದಿನ ಕಳೆಯಿತು. ನಾಲ್ಕು ದಿನ ಕಳೆಯಿತು. ಗುಡ್ರುನ್ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಕಾರಿನ್ ಡುಡೆಕ್‌ಗೆ ನಾಲ್ಕರ ಬದಲು ಐದು ಬನ್ನು ಕೊಟ್ಟಳು. ಅವಳ ತಲೆ ನೆಟ್ಟಗಿರಲಿಲ್ಲ.

ಶನಿವಾರ ಹನ್ನೊಂದು ಗಂಟೆಗೆ ಫೋನು ಹೊಡೆಯಿತು.

"ವಿಲ್ಲಿ ಕೆಳಗೆ ಸಿಕ್ಕಿಹಾಕೊಂಡಿದಾನೆ," ಎಂದಿತು ಒಂದು ಗಂಡು ದನಿ, ನಮಸ್ಕಾರ ಇಲ್ಲ, ಹೆಸರಿಲ್ಲ. "ಮೇಲಿಂದ ಹೊಸ ಹಗ್ಗ ಬಂದಿದೆ, ಜಾರ್ತಿದ್ದ ಕೇಜನ್ನ ಹಿಡಿದು ನಿಲ್ಲಿಸಿದ ಬ್ರೇಕು ಬಿಚ್ಚಬೇಕು. ಬಿಚ್ಚೋಕೆ ಏನೂ ಇಲ್ಲ. ಎರಡು ದಿನದಿಂದ ಚೀಲದಲ್ಲಿರೋ ಎಲ್ಲಾನೂ ಆ ಬ್ರೇಕಿಗೆ ಉಜ್ಜಿ ನೋಡ್ದೆ. ಹಗ್ಗ, ಚಾಕು, ಊಟದ ಡಬ್ಬಿ, ಕೊನೆಗೆ ಆ ಬ್ರೆಡ್ಡಿನ ಚೂರನ್ನೂ. ಬೈಸ್ಕೊಂಡಿದ್ದೇ ಬಂತು."

ಕಾಸೆಲ್ಲಿನ ಆ ಸುಸ್ತಾದ ದನಿಯನ್ನು ಗುಡ್ರುನ್ ಮರೆಯುವುದುಂಟೇ?

"ನೊಲ್ಟಿಂಗ್ ಅವರೇ, ಸತ್ತೋನಿಗೆ ಬ್ರೇಕು ಯಾಕೆ?"

"ನೋಡಿ, ತಪ್ಪು ಹುಡುಕೋಣ ಅಂತಲೇ ಆಡೋಕೆ ಕೂತೆ. ಸುಳ್ಳು ಯಾಕೆ ಹೇಳ್ಲಿ. ಮೊದಲ್ನೇ ದಿನ ಹನ್ನೆರಡು ತಪ್ಪು ಬರೆದಿಟ್ಕೊಂಡೆ. ಎರಡ್ನೇ ದಿನ ಬರೆಯೋದು ಮರೆತೆ. ಅವನು ಬದುಕಿದಾನೆ ಮೇಡಂ. ಇಲ್ಲೇ ನನ್ನೆದುರಿಗೆ ನಿಂತಿದಾನೆ. ಹೇಗೆ ಬಿಡ್ಲಿ?"

ಗುಡ್ರುನ್ ಬಾಯಿಗೆ ಬಂದಿದ್ದ ನಾಲ್ಕು ಖಾರದ ಮಾತು ಅಲ್ಲೇ ನಿಂತವು. "ಸ್ಪ್ಯಾನರ್ ಇರಬೇಕಲ್ಲ ನಿಮ್ಮತ್ರ? ಬ್ರೇಕು ಬಿಚ್ಚೋದು ಸ್ಪ್ಯಾನರಲ್ಲಿ."

"ಇಲ್ಲ. ಅದನ್ನ ಎಂಟನೇ ಹಂತದಲ್ಲಿ ಪಂಪಿನ ಮುದುಕನಿಗೆ ಕೊಟ್ಟೆ. ಕೊಡದಿದ್ರೆ ಅವನು ದಾರಿ ಬಿಡಲ್ಲ. ಕೊಟ್ಟ ಮೇಲೆ ವಾಪಸ್ ಕೊಡಲಿಲ್ಲ."

ಗುಡ್ರುನ್ ಹಣೆ ಚಚ್ಚಿಕೊಂಡಳು. ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಆಟ ಮಾಡುವವರು ಪ್ರತಿಸಲವೂ ಮೊದಲಿಂದ ಆಡುತ್ತಾ ಕೂರುವುದಿಲ್ಲ. ಒಂದು ಗುಟ್ಟಿನ ಗುಂಡಿ ಇಟ್ಟುಕೊಂಡಿರುತ್ತಾರೆ. ಅದನ್ನು ಒತ್ತಿದರೆ ಎಲ್ಲ ಸಾಮಾನೂ ಚೀಲಕ್ಕೆ ಬಂದು, ಬೇಕಾದ ಕೋಣೆಗೆ ನೇರ ಹಾರಬಹುದು. ಕೊನೆಯ ಕೋಣೆಯನ್ನು ಗುಡ್ರುನ್ ಐನೂರು ಸಲ ಪರೀಕ್ಷಿಸಿದ್ದಳು, ಐನೂರು ಸಲವೂ ಆ ಗುಂಡಿ ಒತ್ತಿ, ತುಂಬಿದ ಚೀಲ ಹೊತ್ತು. ಹದಿಮೂರು ವರ್ಷದಲ್ಲಿ ಒಮ್ಮೆಯಾದರೂ ಮೊದಲಿಂದ ಕೊನೆಯವರೆಗೆ ಪ್ರಾಮಾಣಿಕವಾಗಿ ನಡೆದು ಬಂದಿರಲಿಲ್ಲ. ನೂರಾರು ಜನ ಇಳಿದಿದ್ದರು, ಅಷ್ಟೂ ಜನರ ವಿಲ್ಲಿ ಆ ಕೇಜಿನೊಳಗೆ ಸಿಕ್ಕಿಬಿದ್ದಿದ್ದ. ಹಗ್ಗ ಕಡಿದ ನೊಲ್ಟಿಂಗನಿಗೆ ಸಭೆಯಲ್ಲಿ ಮಂಗಳಾರತಿ ಎತ್ತಿದವಳು ತಾನೇ ವಿಲ್ಲಿಯನ್ನು ಕೆಳಗೆ ಕೂಡಿಹಾಕಿದ್ದಳು.

"ನನ್ ತಪ್ಪು," ಎಂದಳು. ಅವಳ ಬಾಯಲ್ಲಿ ಆ ಮಾತು ನಾವ್ಯಾರೂ ಕೇಳಿದ್ದಿಲ್ಲ. "ಪೂರ್ತಿ ನನ್ದೇ ತಪ್ಪು. ನೀವು ಒಂದ್ ಕೆಲಸ ಮಾಡಿ. ಗುಟ್ಟಿನ ಗುಂಡಿ ಒಂದಿದೆ, ತೆಗೆಯೋದು ಮರೆತಿದೀನಿ. ಒತ್ತಿದ್ರೆ ಸ್ಪ್ಯಾನರ್ ಕೈಗೆ ಬರುತ್ತೆ. ಒಂದೇ ನಿಮಿಷದಲ್ಲಿ ಮೇಲೆ."

"ಬೇಡ!" ನೊಲ್ಟಿಂಗ್ ಕಿರುಚಿದ. "ಕಳ್ಳದಾರೀಲಿ ಬೇಡ! ಅವನೇನು ಪಾರ್ಸೆಲ್ಲಾ? ನಡ್ಕೊಂಡು ಬರ್ಲಿ. ನೀವು ಸರಿ ಮಾಡಿ, ನಾನು ಕಾಯ್ತೀನಿ."

"ಸರಿ ಮಾಡಿದ್ರೆ ಹಳೇ ಆಟ ತೆರ್ಕೊಳಲ್ಲ ರೀ. ಮತ್ತೆ ಮೊದಲ್ನೇ ಕೋಣೆಯಿಂದ ಶುರು ಮಾಡ್ಬೇಕು."

"ಮಾಡ್ತೀನಿ."

ಕಿಟಕಿಯಲ್ಲಿ ನಾಲ್ಕು ಜನ ಕಾಯುತ್ತಿದ್ದರು. "ಗುಡ್ರುನ್, ಕಾಫಿ ಎಲ್ಲಮ್ಮಾ?" ಎಂದ ಒಬ್ಬ. "ನೀನೇ ಬಗ್ಗಿಸ್ಕೋ, ಕೈಯಿಲ್ವಾ? ಒಬ್ಬ ಮನುಷ್ಯ ಕೆಳಗಿದಾನೆ!" ಎಂದು ಅವಳು ತಿರುಗಿಯೂ ನೋಡದೆ ಕೂಗಿದಳು. ಹಳೇ ಗಣಿಯಾಳುಗಳಿಗೆ ಅದಕ್ಕಿಂತ ಹೆಚ್ಚು ಹೇಳಬೇಕಿರಲಿಲ್ಲ. ಒಬ್ಬ ಒಳಗೆ ಬಂದು ಕಾಫಿ ಬಗ್ಗಿಸಿದ, ಇನ್ನೊಬ್ಬ ಸಿಗರೇಟು ಮಾರಿದ. ಯುಪ್ ಬಂದು ಅವಳ ಹಿಂದೆ ನಿಂತ.

"ಏನಾಯ್ತೇ?"

"ಪಂಪಿನ ಮುದುಕ ಸ್ಪ್ಯಾನರ್ ವಾಪಸ್ ಕೊಟ್ಟಿಲ್ಲ."

"ಥೂ! ಅಂಥ ಗಣಿಯಾಳು ಎಲ್ಲಾದ್ರೂ ಇರ್ತಾನಾ? ಬೇರೆಯೋರ ಸಾಮಾನು ಇಟ್ಕೊಂಡ್ರೆ ಶಿಫ್ಟ್ ಮುಗಿಯೋದ್ರೊಳಗೆ ಹಲ್ಲು ಉದುರುತ್ತೆ. ಕೊಡ್ಸು, ಕೊಡ್ಸು."

ಅವಳು ಕೊಡಿಸಿದಳು. ಮೂರು ಸಾಲಿನ ಕೆಲಸ. ಪಂಪು ರಿಪೇರಿಯಾದ ಕೂಡಲೇ ಮುದುಕ "ತಗೋ, ನಿನ್ನದು ನಿನಗೆ" ಎಂದು ಸ್ಪ್ಯಾನರನ್ನು ವಿಲ್ಲಿಯ ಕೈಗಿಡುವಂತೆ ಮಾಡಿದಳು. ಗುಟ್ಟಿನ ಗುಂಡಿಯನ್ನು ಕಿತ್ತು ಹಾಕಿದಳು. ಆಮೇಲೆ, ಹದಿಮೂರು ವರ್ಷದಲ್ಲಿ ಮೊದಲ ಸಲ, ಮೊದಲ ಕೋಣೆಯಿಂದ ಆಡುತ್ತಾ ಕೂತಳು. ಆರು ಗಂಟೆ ಹಿಡಿಯಿತು. ಅಂಗಡಿ ಗಿರಾಕಿಗಳದೇ ಆಗಿತ್ತು. ವಿಲ್ಲಿ ಮೇಲೆ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಹೊಸ ಆಟವನ್ನು ಹೊರಗೆ ಬಿಟ್ಟಳು, ಫೋರಮ್ಮಿನ ಸ್ಮಶಾನಕ್ಕೂ ಹೋಗಿ ಬರೆದಳು: "ತಪ್ಪು ನನ್ನದು. ಸರಿಪಡಿಸಿದೆ. ಕೆಳಗಿರುವವರೆಲ್ಲ ಮತ್ತೆ ಮೊದಲಿಂದ ಬನ್ನಿ."

ಸೋಮವಾರ ಮಧ್ಯಾಹ್ನ ಫೋನು.

"ಕೊನೇ ಕೋಣೇಲಿದೀನಿ," ಎಂದ ನೊಲ್ಟಿಂಗ್. "ಬ್ರೇಕು ಬಿಚ್ತೀನಿ ಈಗ. ಫೋನ್ ಇಡ್ಬೇಡಿ."

ಗುಡ್ರುನ್ ಇಡಲಿಲ್ಲ. ಆ ಕಡೆಯಿಂದ ಯುಪ್‌ನ ಬಕೆಟ್ಟು ಕೇಳಿತು, ಎರಡು ಹೊಡೆತ. ಕಬ್ಬಿಣ ಕರಕರ ಎಂದಿತು, ಮುದುಕರು ಬಾಯಲ್ಲಿ ಮಾಡಿದ್ದ ಯಂತ್ರದ ಸದ್ದು ಏರುತ್ತಾ ಬಂತು. ಆಮೇಲೆ ಗಾಳಿ, ಹಕ್ಕಿ. ಆಮೇಲೆ ನೊಲ್ಟಿಂಗ್ ಮೂಗು ಒರೆಸಿಕೊಂಡದ್ದು.

"ಬಂದ," ಎಂದ.

"ಹೂಂ."

"ಹೊರಗೆ ಬಿಸಿಲಿಗೆ ಬಂದು ನಿಂತ್ಕೊಂಡಿದಾನೆ. ಮುಂದೆ? ಮುಂದೆ ಏನ್ ಮಾಡ್ತಾನೆ?"

"ನನ್ನ ಕೇಳ್ತೀರಾ?"

"ಇನ್ಯಾರನ್ನ ಕೇಳ್ಲಿ? ಅವನ ವಿಷಯ ಗೊತ್ತಿರೋರು ನೀವೊಬ್ರೇ."

ಗುಡ್ರುನ್ ಕಿಟಕಿಯಾಚೆ ನೋಡಿದಳು. ಕಾರಿನ್ ಡುಡೆಕ್ ಮೊಣಕೈ ಊರಿ, ಬಾಯಿ ಮುಚ್ಚಿಕೊಂಡು, ಒಂದೊಂದು ಮಾತೂ ಕೇಳಿಸಿಕೊಳ್ಳುತ್ತಾ ನಿಂತಿದ್ದಳು.

"ಮೊದಲು ಸ್ನಾನ ಮಾಡ್ತಾನೆ ರೀ," ಎಂದಳು ಗುಡ್ರುನ್. "ಇಪ್ಪತ್ಮೂರು ವರ್ಷದ ಮಸಿ ಇದೆ ಮೈಮೇಲೆ. ಆಮೇಲೆ ಊಟ. ಅದಾದ್ಮೇಲೆ ಏನು ಅಂತ ನಾನಿನ್ನೂ ಬರೆದಿಲ್ಲ."